ಹೊಗೆ ಬಿಡದ ಲೋಕೊ ಯಾಕೆ ಬೇಕಾಯ್ತು ಅಂತ ಮೊದ್ಲು ಹೇಳಿ

ದಾವಣಗೆರೆಯ ಗೆಳೆಯರಿಗೆ ನಮಸ್ಕಾರ,

ನೀವು ಕಳಿಸಿದ "ಹಿಟ್ಲರನ ಉಕ್ಕಿನ ಕುದುರೆ" ಲೇಖನ ಪೂರ್ತಿ ಓದಿದೆ. ಎರಡನೇ ಮಹಾಯುದ್ಧದ ಕಾಲದ ಜರ್ಮನ್ ಡೀಸೆಲ್ ಶಂಟಿಂಗ್ ಲೋಕೊ ಡಬ್ಲ್ಯೂಆರ್ 360 ಸಿ 14 ಬಗ್ಗೆ ಕನ್ನಡದಲ್ಲಿ ಒಬ್ರು ಕೂತು ಇಷ್ಟುದ್ದ ಬರೆದಿದಾರಲ್ಲ ಅಂತ ನಿಜವಾಗ್ಲೂ ಖುಷಿಯಾಯ್ತು, ಇಂಥ ವಿಷಯ ನಮ್ಮ ಕಡೆ ಯಾರೂ ಮುಟ್ಟಲ್ಲ. ಆದ್ರೆ ಈಗಿರೋ ರೂಪದಲ್ಲಿ ಇದನ್ನ ಹಾಕೋಕಾಗಲ್ಲ. ಯಾಕೆ ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ತಿದ್ದಿದ್ರೆ ಒಳ್ಳೆ ಲೇಖನ ಆಗುತ್ತೆ ಅನ್ನೋ ನಂಬಿಕೆ ನನಗಿದೆ.

ಮೊದಲ ನಾಲ್ಕು ಪುಟದಲ್ಲಿ ಜಾಸ್ತಿ ಇರೋದು ಅಂಕಿನೇ. 360 ಹಾರ್ಸ್‌ಪವರ್, ಮೂರು ಅಚ್ಚು, ಸುಮಾರು 40 ಟನ್ ತೂಕ, ಗಂಟೆಗೆ 60 ಕಿಲೋಮೀಟರ್ ತನಕ ವೇಗ, ಗಾಲಿಯ ಅಳತೆ, ಉದ್ದ, ಅಗಲ. ಎಲ್ಲಾ ಸರಿಯಾಗೇ ಇರಬಹುದು, ಆದ್ರೆ ಓದೋನಿಗೆ ಇದು ಯಾಕೆ ಬೇಕು? ಸೈನ್ಯಕ್ಕೆ ಟ್ಯಾಂಕ್ ಬೇಕು, ವಿಮಾನ ಬೇಕು, ಅದು ಯಾರಿಗಾದ್ರೂ ಅರ್ಥ ಆಗುತ್ತೆ, ಆದ್ರೆ ಯಾರ್ಡಲ್ಲಿ ವ್ಯಾಗನ್ ಆಕಡೆ ಈಕಡೆ ತಳ್ಳೋ ಒಂದು ಸಣ್ಣ ಲೋಕೊನ ಸೈನ್ಯವೇ ಮುಂದೆ ನಿಂತು ಮಾಡಿಸಿಕೊಳ್ತು ಅಂದ್ರೆ ಅದರ ಹಿಂದೆ ಒಂದು ಕಾರಣ ಇರಲೇಬೇಕಲ್ವಾ, ಆ ಕಾರಣ ನಿಮ್ಮ ಲೇಖನದಲ್ಲಿ ಒಂಬತ್ತನೇ ಪುಟದಲ್ಲಿ ಒಂದೇ ಸಾಲಲ್ಲಿ ಬಂದು ಹೋಗುತ್ತೆ. "ಇದು ಹೊಗೆ ಬಿಡುತ್ತಿರಲಿಲ್ಲವಾದ್ದರಿಂದ ಸೈನ್ಯಕ್ಕೆ ಉಪಯುಕ್ತವಾಗಿತ್ತು" ಅಂತ ಬರೆದಿದೀರಿ. ಇಡೀ ಲೇಖನ ಹುಟ್ಟಬೇಕಾಗಿದ್ದೇ ಆ ಸಾಲಿಂದ!

ಸ್ವಲ್ಪ ಯೋಚನೆ ಮಾಡಿ. ಮದ್ದುಗುಂಡಿನ ಡಿಪೋ ಒಳಗೆ, ಪೆಟ್ರೋಲ್ ಟ್ಯಾಂಕ್ ಸಾಲಾಗಿ ನಿಂತಿರೋ ಕಡೆ, ಒಂದು ಸ್ಟೀಮ್ ಲೋಕೊ ಬಂದು ವ್ಯಾಗನ್ ಎಳೀಬೇಕು. ಅದರ ಹೊಟ್ಟೆಲಿ ಬೆಂಕಿ ಉರೀತಿದೆ, ಚಿಮಣಿಯಿಂದ ಕಿಡಿ ಹಾರುತ್ತೆ, ಕೆಳಗಿನ ಬೂದಿ ತಟ್ಟೆಯಿಂದ ಕೆಂಡ ಉದುರುತ್ತೆ. ಮೇಲಿಂದ ಶತ್ರು ವಿಮಾನದವನು ನೋಡಿದ್ರೆ ಬಿಳಿ ಹೊಗೆ ಕಂಬ ಮೈಲಿಗಟ್ಟಲೆ ದೂರಕ್ಕೆ ಕಾಣುತ್ತೆ, ಕಾಡಿನ ಮಧ್ಯೆ ಬಚ್ಚಿಟ್ಟ ಡಿಪೋ ಎಲ್ಲಿದೆ ಅಂತ ಲೋಕೊನೇ ಬೆರಳು ಮಾಡಿ ತೋರಿಸಿದ ಹಾಗೆ. ಇನ್ನೊಂದು, ತಣ್ಣಗಿರೋ ಸ್ಟೀಮ್ ಲೋಕೊಗೆ ಬೆಂಕಿ ಹಾಕಿ ಒತ್ತಡ ಏರೋಕೆ ಎಷ್ಟೋ ಗಂಟೆ ಬೇಕು, ಹಾಗಾಗಿ ಕೆಲಸ ಇರಲಿ ಬಿಡಲಿ ಅದನ್ನ ಬಿಸಿಯಾಗೇ ಇಟ್ಕೊಂಡಿರಬೇಕು, ಕಲ್ಲಿದ್ದಲು ಬೇಕು, ನೀರು ಬೇಕು, ನೋಡ್ಕೊಳ್ಳೋಕೆ ಜನ ಬೇಕು. ಡೀಸೆಲ್ ಆದ್ರೆ ಹಾಗಲ್ಲ. ಬಾಟಲಿಯಲ್ಲಿ ತುಂಬಿಟ್ಟ ಒತ್ತಡದ ಗಾಳಿನ ಸಿಲಿಂಡರ್‌ಗೆ ಬಿಟ್ರೆ ಇಂಜಿನ್ ತಿರುಗುತ್ತೆ, ಸ್ವಲ್ಪ ಹೊತ್ತಲ್ಲೇ ಹೊರಡಬಹುದು, ಕೆಲಸ ಮುಗೀತು ಅಂದ್ರೆ ನಿಲ್ಲಿಸಿ ಹೋಗಬಹುದು. ರೈಲು ಹಳಿ ಮೇಲೆ ಓಡಾಡುವ ದೊಡ್ಡ ಫಿರಂಗಿಗಳ ಜೊತೆಗೂ ಈ ಲೋಕೊಗಳನ್ನ ಕಳಿಸಿದ್ದು ಇದೇ ಕಾರಣಕ್ಕೆ.

ಇದರ ಪಕ್ಕದಲ್ಲೇ ಇನ್ನೊಂದು ಗಂಟು ಇದೆ, ಅದನ್ನ ನೀವು ಬಿಚ್ಚೇ ಇಲ್ಲ. ಜರ್ಮನಿ ಹತ್ರ ಕಲ್ಲಿದ್ದಲು ಬೇಕಾದಷ್ಟಿತ್ತು, ಎಣ್ಣೆ ಇರಲಿಲ್ಲ. ಕಲ್ಲಿದ್ದಲಿಂದಲೇ ಪೆಟ್ರೋಲ್ ತಯಾರಿಸೋ ಗತಿ ಬಂದಿದ್ದ ದೇಶ ಅದು. ಹಾಗಾಗಿ ಮೇನ್ ಲೈನಲ್ಲಿ ಯುದ್ಧ ಮುಗಿಯೋ ತನಕ ಎಳೆದಿದ್ದು ಸ್ಟೀಮ್ ಲೋಕೊಗಳೇ, ಯುದ್ಧಕ್ಕೇ ಅಂತ ಸರಳ ಮಾಡಿ 1942ರಿಂದ ಕಟ್ಟಿದ ಕ್ಲಾಸ್ 52 ಒಂದೇ ಆರು ಸಾವಿರದ ಮೇಲೆ ಬಂತು. ಇಷ್ಟು ಎಣ್ಣೆ ಬರ ಇದ್ದಾಗಲೂ ಡೀಸೆಲ್ ಲೋಕೊ ಬೇಕು ಅಂದ್ರು ಅಂದ್ರೆ, ಕಿಡಿ ಮತ್ತು ಹೊಗೆಯ ಭಯ ಎಷ್ಟಿತ್ತು ಅಂತ ಅಲ್ಲಿ ಗೊತ್ತಾಗುತ್ತೆ. ನಿಮ್ಮ ಆರನೇ ಪುಟದಲ್ಲಿ ಕ್ಲಾಸ್ 52 ಬಗ್ಗೆ ಒಂದು ಪ್ಯಾರಾ ಇದೆ, ಆದ್ರೆ ಸುಮ್ನೆ ಮಾಹಿತಿಗೆ ಅಂತ ಬಂದಿದೆ. ಅದನ್ನ ಎತ್ತಿ ಇಲ್ಲಿಡಿ.

ಹೆಸರಿನ ವಿವರ ಚೆನ್ನಾಗಿ ಕೊಟ್ಟಿದೀರಿ, ಇಟ್ಕೊಳ್ಳಿ. ಡಬ್ಲ್ಯೂಆರ್ ಅಂದ್ರೆ ಸೈನ್ಯದ ಸ್ಟ್ಯಾಂಡರ್ಡ್ ಗೇಜ್ ಲೋಕೊ, 360 ಅಂದ್ರೆ ಹಾರ್ಸ್‌ಪವರ್, ಸಿ ಅಂದ್ರೆ ಒಟ್ಟಿಗೆ ಓಡೋ ಮೂರು ಅಚ್ಚು, 14 ಅಂದ್ರೆ ಒಂದು ಅಚ್ಚಿನ ಮೇಲೆ ಬೀಳೋ ಗರಿಷ್ಠ ಭಾರ 14 ಟನ್. ಆದ್ರೆ ಆ 14 ಯಾಕೆ ಅಷ್ಟು ಕಡಿಮೆ ಅಂತ ಒಂದು ಮಾತು ಸೇರಿಸಿ. ಡಿಪೋ ಒಳಗಿನ ಸೈಡಿಂಗ್‌ಗಳಲ್ಲಿ, ಅರ್ಜೆಂಟಲ್ಲಿ ಹಾಸಿದ ಹಳಿಗಳಲ್ಲಿ ಭಾರದ ಲೋಕೊ ಹೋಗೋ ಹಾಗಿಲ್ಲ. ಇದರ ಚಿಕ್ಕ ತಮ್ಮ 200 ಬಿ 14, ದೊಡ್ಡಣ್ಣ 550 ಡಿ 14, ಮೂರಕ್ಕೂ ಕೊನೆಯ ಸಂಖ್ಯೆ ಒಂದೇ ಇರೋದು ನೋಡಿ, ಸೈನ್ಯ ಏನು ಕೇಳ್ತು ಅನ್ನೋದು ಅಲ್ಲೇ ಇದೆ. ಮತ್ತೆ ನೀವು 1937ರ ಮಾತಾಡ್ತಾನೂ "ವಿ 36" ಅಂತ ಬರೆದಿದೀರಿ, ಈ ಲೋಕೊಗೆ ಆ ಹೆಸರು ಯುದ್ಧ ಮುಗಿದ ಮೇಲೆ ರೈಲ್ವೆಯವರು ಇಟ್ಟಿದ್ದು, ಅಲ್ಲಿಗೆ ಬಂದಾಗ ಮಾತ್ರ ಬಳಸಿ.

ಈಗ ತಪ್ಪುಗಳಿಗೆ ಬರ್ತೀನಿ. "ಶಕ್ತಿಶಾಲಿ ವಿ6 ಇಂಜಿನ್" ಅಂತ ಬರೆದಿದೀರಿ. ಡಾಯ್ಟ್ಸ್ ಕಂಪನಿಯ ವಿ6ಎಂ 436 ಅನ್ನೋ ಹೆಸರು ನೋಡಿ ಕಾರಿನ ವಿ6 ಥರ ಸಿಲಿಂಡರ್‌ಗಳು ವಿ ಅಕ್ಷರದ ಆಕಾರದಲ್ಲಿ ಇರ್ತವೆ ಅಂದ್ಕೊಂಡಿದೀರಿ ಅನ್ಸುತ್ತೆ. ಅಲ್ಲಿ ವಿ ಅಂದ್ರೆ ಫೋರ್ ಸ್ಟ್ರೋಕ್, ಆರೂ ಸಿಲಿಂಡರ್ ಒಂದೇ ಸಾಲಲ್ಲಿ ನೆಟ್ಟಗೆ ನಿಂತಿರ್ತವೆ. ನಿಮಿಷಕ್ಕೆ 600 ಸುತ್ತು ಅಷ್ಟೇ, ನಿಧಾನದ ದೊಡ್ಡ ಇಂಜಿನ್. ಮುಂದಿನ ಉದ್ದ ಮೂತಿ ಯಾಕಿದೆ ಅನ್ನೋದಕ್ಕೂ ಇದೇ ಉತ್ತರ, ಅಂಥ ಇಂಜಿನ್ ಸಣ್ಣ ಜಾಗದಲ್ಲಿ ಕೂರಲ್ಲ.

ಇದಕ್ಕಿಂತ ದೊಡ್ಡ ತಪ್ಪು, "ಹೈಡ್ರಾಲಿಕ್ ಟ್ರಾನ್ಸ್‌ಮಿಷನ್ ನಾಜಿ ವಿಜ್ಞಾನಿಗಳ ಆವಿಷ್ಕಾರ" ಅನ್ನೋದು. ಇಂಜಿನ್ ಶಕ್ತಿನ ಎಣ್ಣೆ ಮೂಲಕ ಗಾಲಿಗೆ ದಾಟಿಸೋ ಈ ವ್ಯವಸ್ಥೆ ಅವರದ್ದು ಅಲ್ಲವೇ ಅಲ್ಲ. ಹೆರ್ಮನ್ ಫೋಟಿಂಗರ್ ಅನ್ನೋ ಇಂಜಿನಿಯರ್ ಸ್ಟೆಟಿನ್‌ನ ವುಲ್ಕಾನ್ ಹಡಗು ಕಟ್ಟೆಯಲ್ಲಿ ಕೆಲಸ ಮಾಡ್ತಿದ್ದಾಗ, 1905ರಲ್ಲೇ, ಜೋರಾಗಿ ತಿರುಗೋ ಸ್ಟೀಮ್ ಟರ್ಬೈನನ್ನ ನಿಧಾನ ತಿರುಗಬೇಕಾದ ಹಡಗಿನ ಪ್ರೊಪೆಲ್ಲರ್‌ಗೆ ಹೇಗೆ ಜೋಡಿಸೋದು ಅಂತ ಹುಡುಕ್ತಾ ಇದರ ಪೇಟೆಂಟ್ ಪಡೆದವರು. ಅದನ್ನ ರೈಲಿಗೆ ಹೊಂದಿಸಿದ್ದು ಹೈಡೆನ್‌ಹೈಮ್‌ನ ಫೊಯ್ತ್ ಕಂಪನಿ. ಹಡಗಿಂದ ರೈಲಿಗೆ ಬಂದ ಈ ದಾರಿ ಎಷ್ಟು ಚೆನ್ನಾಗಿದೆ, ಅದನ್ನ ಬಿಟ್ಟು ನಾಜಿಗಳ ತಲೆಗೆ ಕಿರೀಟ ಇಟ್ಟಿದೀರಲ್ಲ!

ಟ್ರಾನ್ಸ್‌ಮಿಷನ್ ಹೇಗೆ ಕೆಲಸ ಮಾಡುತ್ತೆ ಅನ್ನೋ ಭಾಗ ನನಗೇ ಅರ್ಥ ಆಗಲಿಲ್ಲ, "ದ್ರವಗತಿಕ ಪ್ರೇರಣೆಯ ಮೂಲಕ ತಿರುಚುಬಲದ ಪರಿವರ್ತನೆ" ಅಂತ ಬರೆದ್ರೆ ಮೆಕ್ಯಾನಿಕಲ್ ಓದಿದೋರೂ ಪುಟ ತಿರುಗಿಸ್ತಾರೆ. ಹೀಗೆ ಹೇಳಿ ನೋಡಿ. ಮಜ್ಜಿಗೆ ಕಡೆಯುವಾಗ ಕಡಗೋಲು ತಿರುಗಿದ್ರೆ ಗಡಿಗೆಯಲ್ಲಿರೋ ಮಜ್ಜಿಗೆನೂ ತಿರುಗುತ್ತೆ, ಆ ತಿರುಗೋ ಮಜ್ಜಿಗೆಗೆ ಇನ್ನೊಂದು ಕಡಗೋಲು ಇಳಿಬಿಟ್ರೆ ಅದೂ ತಿರುಗೋಕೆ ನೋಡುತ್ತೆ. ಇಲ್ಲಿ ಮಜ್ಜಿಗೆ ಬದಲು ಎಣ್ಣೆ, ಒಂದು ಚಕ್ರ ಡೀಸೆಲ್ ಇಂಜಿನ್‌ಗೆ ಸೇರಿದ್ದು, ಇನ್ನೊಂದು ಗಾಲಿಗೆ ಸೇರಿದ್ದು. ಎರಡಕ್ಕೂ ಲೋಹದ ಸಂಪರ್ಕ ಇಲ್ಲ. ಹಾಗಾಗಿ ನಿಂತಿರೋ ಭಾರದ ಗೂಡ್ಸ್‌ನ ಎಳೆಯೋಕೆ ಶುರು ಮಾಡಿದ್ರೆ ಇಂಜಿನ್ ಬಂದ್ ಬೀಳಲ್ಲ, ಗೇರ್ ಹಲ್ಲು ಮುರಿಯಲ್ಲ, ವ್ಯಾಗನ್ ಜರ್ಕ್ ಹೊಡೆಯಲ್ಲ. ಮದ್ದುಗುಂಡು ತುಂಬಿದ ವ್ಯಾಗನ್ ಜರ್ಕ್ ಹೊಡೆಯದೆ ಇರೋದು ಎಷ್ಟು ಮುಖ್ಯ ಅಂತ ನಾನು ಬೇರೆ ಹೇಳಬೇಕಾ. ಹೊರಡೋವಾಗ ಇಂಥ ಚಕ್ರದ ಜೋಡಿ ಇರೋ ಒಂದು ಕೋಣೆಗೆ ಎಣ್ಣೆ ತುಂಬುತ್ತೆ, ವೇಗ ಬಂದ ಮೇಲೆ ಅದು ಖಾಲಿಯಾಗಿ ಇನ್ನೊಂದು ಕೋಣೆ ತುಂಬುತ್ತೆ, ಗೇರ್ ಬದಲಾಯ್ತು. ಅದಾದ ಮೇಲೆ ಶಂಟಿಂಗ್‌ಗೆ ಒಂದು, ಲೈನಲ್ಲಿ ಓಡೋಕೆ ಒಂದು ಅಂತ ಬೇರೆ ಮೆಕ್ಯಾನಿಕಲ್ ಗೇರೂ ಇದೆ, ಶಂಟಿಂಗ್ ಗೇರಲ್ಲಿ ವೇಗ ಅರ್ಧ, ಎಳೆಯೋ ಬಲ ಜಾಸ್ತಿ, ಅದನ್ನ ಲೋಕೊ ನಿಂತಾಗ ಮಾತ್ರ ಬದಲಾಯಿಸೋದು. ಅಲ್ಲಿಂದ ಶಕ್ತಿ ಜ್ಯಾಕ್‌ಶಾಫ್ಟ್‌ಗೆ, ಅಂದ್ರೆ ಹಳಿ ಮುಟ್ಟದ ಒಂದು ನಡುವಿನ ಅಚ್ಚಿಗೆ ಬಂದು, ಅಲ್ಲಿಂದ ಸ್ಟೀಮ್ ಲೋಕೊದಲ್ಲಿ ಗಾಲಿಗಳನ್ನ ಹೊರಗಿಂದ ಜೋಡಿಸೋ ಥರದ್ದೇ ಸೈಡ್ ರಾಡ್‌ಗಳ ಮೂಲಕ ಮೂರೂ ಅಚ್ಚಿಗೆ. ಹೊಸ ಡೀಸೆಲ್ಲು, ಹಳೇ ಸ್ಟೀಮಿನ ಕಾಲು! ಮೂರೂ ಅಚ್ಚು ಕಟ್ಟಿಹಾಕಿದ ಹಾಗಿರೋದ್ರಿಂದ ಒಂದೇ ಜೊತೆ ಗಾಲಿ ತಾನಾಗೇ ಜಾರಲ್ಲ, 40 ಟನ್ ತೂಕ ಪೂರ್ತಿ ಎಳೆಯೋಕೆ ಸಿಗುತ್ತೆ. ಈ ಭಾಗಕ್ಕೆ ಎರಡು ಪುಟ ತಗೊಳ್ಳಿ, ಅವಸರ ಬೇಡ.

ಇನ್ನು ನನಗೆ ತುಂಬಾ ಬೇಜಾರಾದ ವಿಷಯ. ನಿಮ್ಮ ಲೇಖನದ ಧಾಟಿ. "ಜರ್ಮನ್ ಶಿಸ್ತಿನ ಫಲ", "ಅದ್ಭುತ ಕಾರ್ಖಾನೆಗಳು" ಅಂತ ಬರೀತಾ ಹೋಗಿದೀರಿ. ಯಂತ್ರನ ಮೆಚ್ಚಿಕೊಳ್ಳಿ, ನಾನೂ ಮೆಚ್ಚಿಕೊಂಡಿದೀನಿ, ಆದ್ರೆ ಅದನ್ನ ಯಾರು ಯಾಕೆ ಮಾಡಿಸಿದ್ರು ಅನ್ನೋದನ್ನ ಮರೆತು ಮೆಚ್ಚೋಕಾಗಲ್ಲ. ಮೂರನೇ ಪುಟದಲ್ಲಿ ನೀವೇ ಬರೆದಿದೀರಿ, ಲೋಕೊ ಅಭಿವೃದ್ಧಿ ಮಾಡಿದ್ದು ಬರ್ಲಿನ್ನಿನ ಓರೆನ್‌ಸ್ಟೈನ್ ಅಂಡ್ ಕೊಪ್ಪೆಲ್, "ನಂತರ ಎಂಬಿಎ ಎಂಬ ಇನ್ನೊಂದು ಕಂಪನಿಯೂ ತಯಾರಿಸಿತು" ಅಂತ. ಅದು ಇನ್ನೊಂದು ಕಂಪನಿ ಅಲ್ಲ ಸ್ವಾಮಿ, ಅದೇ ಕಂಪನಿ. 1876ರಲ್ಲಿ ಅದನ್ನ ಕಟ್ಟಿದ ಬೆನ್ನೊ ಓರೆನ್‌ಸ್ಟೈನ್ ಯಹೂದಿ. ನಾಜಿಗಳು ಆ ಕುಟುಂಬನ ಕಂಪನಿಯಿಂದ ಹೊರಹಾಕಿದ್ರು, ಆಮೇಲೆ ಯುದ್ಧದ ನಡುವೆ ಹೆಸರನ್ನೂ ಅಳಿಸಿ ಎಂಬಿಎ ಅಂತ ಮಾಡಿದ್ರು. ಬಾಬೆಲ್ಸ್‌ಬರ್ಗ್‌ನ ಅದೇ ಕಾರ್ಖಾನೆ, ಅದೇ ಡ್ರಾಯಿಂಗ್, ಲೋಕೊ ಮೇಲಿನ ನೇಮ್‌ಪ್ಲೇಟಿಂದ ಮಾತ್ರ ಕಟ್ಟಿದೋರ ಹೆಸರು ಮಾಯ. ಯುದ್ಧಕಾಲದ ಜರ್ಮನ್ ಕಾರ್ಖಾನೆಗಳು ಬೇರೆ ದೇಶಗಳಿಂದ ಹಿಡಿದು ತಂದ ಲಕ್ಷಾಂತರ ಜನರ ಬಲವಂತದ ದುಡಿಮೆ ಮೇಲೆ ನಡೀತಿದ್ವು ಅನ್ನೋದೂ ಬರಲೇಬೇಕು. ಇದಕ್ಕೆ ಭಾಷಣ ಬೇಡ, ಆ ನೇಮ್‌ಪ್ಲೇಟ್ ವಿಷಯ ಇದ್ದ ಹಾಗೆ ಹೇಳಿದ್ರೆ ಸಾಕು. "ಹಿಟ್ಲರನ" ಅನ್ನೋ ಶೀರ್ಷಿಕೆ ಮಾತ್ರ ದಯವಿಟ್ಟು ತೆಗೀರಿ.

ಯುದ್ಧದ ನಂತರದ ಕಥೆ ಚುರುಕಾಗಿ ಮುಗಿಸಿ. ಎರಡೂ ಜರ್ಮನಿಗಳಲ್ಲಿ ಇವು ಓಡಿದ್ವು, ಪಶ್ಚಿಮದಲ್ಲಿ ವಿ 36 ಆಗಿ 1968ರಲ್ಲಿ ನಂಬರ್ 236 ಆಯ್ತು, ಪೂರ್ವದಲ್ಲಿ 1970ರಿಂದ 103, ಆಸ್ಟ್ರಿಯಾದಲ್ಲಿ 2065. ಕೆಲವಕ್ಕೆ ಕ್ಯಾಬ್ ಮೇಲೆ ಗೋಪುರದ ಥರ ಎತ್ತರಿಸಿ, ಡ್ರೈವರ್ ಬೋಗಿಗಳ ಮೇಲಿಂದ ಮುಂದೆ ನೋಡೋ ಹಾಗೆ ಮಾಡಿ ಪ್ಯಾಸೆಂಜರ್ ರೈಲು ತಳ್ಳೋಕೂ ಬಳಸಿದ್ರು, ಈ ಒಂದು ವಿವರ ಫೋಟೋ ಜೊತೆ ಇರಲಿ.

ನಮ್ಮ ದೇಶದ ಸಂಬಂಧ ಎಳೆದು ತರೋಕೆ ನೀವು ಮೊದಲ ಪುಟದಲ್ಲಿ ಮೈಸೂರು ರೈಲು ಮ್ಯೂಸಿಯಂ ವರ್ಣನೆ ಹಾಕಿದೀರಿ, ಅದು ಬೇಡ, ಈ ಲೋಕೊಗೂ ಅದಕ್ಕೂ ಸಂಬಂಧ ಇಲ್ಲ. ನಿಜವಾದ ನಂಟು ಬೇರೆ ಕಡೆ ಇದೆ. 1950ರಲ್ಲಿ ವಿ 36ರ ಕೊನೆಯ 18 ಲೋಕೊ ಕಟ್ಟಿದ್ದು ಕೀಲ್ ಊರಿನ ಮಾಕ್ ಕಂಪನಿ. ಅದೇ ಮಾಕ್‌ನಿಂದ 1961ರ ಹೊತ್ತಿಗೆ ಭಾರತಕ್ಕೆ ಡಬ್ಲ್ಯೂಡಿಎಸ್ 3 ಶಂಟಿಂಗ್ ಲೋಕೊಗಳು ಬಂದ್ವು, ಆಮೇಲೆ ಚಿತ್ತರಂಜನ್ ಲೋಕೊ ಕಾರ್ಖಾನೆಯಲ್ಲಿ ಮಾಕ್ ಇಂಜಿನ್ ಹಾಕಿ ಡಬ್ಲ್ಯೂಡಿಎಸ್ 4 ಕಟ್ಟೋಕೆ ಶುರು ಮಾಡಿದ್ರು, ಅದರಲ್ಲೂ ಮೂರು ಅಚ್ಚು, ಹೈಡ್ರಾಲಿಕ್ ಟ್ರಾನ್ಸ್‌ಮಿಷನ್, ಸೈಡ್ ರಾಡ್. ಯಾರ್ಡಲ್ಲಿ ರಾಡ್ ಆಡಿಸ್ಕೊಂಡು ಹೋಗೋ ಡೀಸೆಲ್ ನೋಡಿದೋರು ನಮ್ಮ ಓದುಗರಲ್ಲಿ ಬಹಳ ಜನ ಇದಾರೆ. ಒಂದು ಪ್ಯಾರಾ, ಅಷ್ಟೇ.

ಹದಿನಾಲ್ಕು ಪುಟನ ಏಳಕ್ಕೆ ಇಳಿಸಿ. ಅಂಕಿಅಂಶ ಎಲ್ಲಾ ಒಂದು ಪುಟ್ಟ ಬಾಕ್ಸಿಗೆ ಹಾಕಿ. ಇಂಜಿನ್ನಿಂದ ಗಾಲಿ ತನಕ ಶಕ್ತಿ ಹೋಗೋ ದಾರಿಯ ಚಿತ್ರ ನೀವೇ ಪೆನ್ಸಿಲಲ್ಲಿ ಬಿಡಿಸಿ ಕಳಿಸಿ, ಎಲ್ಲಿಂದಲೋ ಇಳಿಸಿಕೊಂಡ ಫೋಟೋ ಬೇಡ, ನಿಮ್ಮ ಗೆರೆ ಸೊಟ್ಟ ಇದ್ರೂ ನಮ್ಮ ಆರ್ಟಿಸ್ಟ್ ಸರಿ ಮಾಡ್ತಾರೆ. ಮುಂದಿನ ಡ್ರಾಫ್ಟ್ ನನ್ನ ಹೆಸರಿಗೇ ಕಳಿಸಿ, ಟ್ರಾನ್ಸ್‌ಮಿಷನ್ ಭಾಗ ಮೊದಲು ಮುಗಿದ್ರೆ ಅದೊಂದನ್ನೇ ಕಳಿಸಿದ್ರೂ ಸರಿ, ಓದಿ ಫೋನ್ ಮಾಡ್ತೀನಿ.