ಹೂವಿಲ್ಲದ ಮರಕ್ಕೆ ಕಂಪ್ಯೂಟರ್ ಕೀ
ಭಾಗಮಂಡಲದ ತೋಟದಂಚಿನ ಮರಕ್ಕೆ ಹೂವೂ ಇಲ್ಲ, ಕಾಯಿಯೂ ಇಲ್ಲ, ಕಂಪ್ಯೂಟರ್ ಕೀ (ಒಂದೊಂದೇ ಲಕ್ಷಣ ಕೇಳಿ ಮರದ ಹೆಸರು ಪತ್ತೆಹಚ್ಚುವ ಪ್ರಶ್ನಾವಳಿ) ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಹೂವಿನ ಪ್ರಶ್ನೆ ಹಾರಿಸಿಬಿಡಿ. ಪುಸ್ತಕದ ಕೀಯಲ್ಲಾದರೆ ಮೊದಲ ಮೆಟ್ಟಿಲಲ್ಲೇ ಸಿಕ್ಕಿಬೀಳಬಹುದು. ಕಂಪ್ಯೂಟರ್ ಕೀಯಲ್ಲಿ ಕಣ್ಣಿಗೆ ಕಂಡ ಯಾವ ಲಕ್ಷಣದಿಂದಲಾದರೂ ಹೊರಡಬಹುದು.

ಎಲೆಯ ತೊಟ್ಟು ಮುರಿದು ಸ್ವಲ್ಪ ಹೊತ್ತು ಕಾಯಿರಿ. ಹಳದಿ ಹಾಲು ಒಸರಿತಾ? ಎಲೆಗಳು ಎದುರುಬದುರಾಗಿವೆಯಾ? ಹೌದಾದರೆ ಆ ಎರಡನ್ನೇ ಮೊದಲು ಒತ್ತಿ. ಮರಗಳ ಪಟ್ಟಿ ಬಹುಪಾಲು ಕರಗಿ ಗಾರ್ಸೀನಿಯಾ, ಅಂದರೆ ಕೊಡಗಿನ ಅಡುಗೆಯ ಹುಳಿಯಾದ ನಮ್ಮ ಕಾಚಂಪುಳಿಯ ಬಳಗ, ಎದುರಿಗೆ ನಿಲ್ಲುತ್ತದೆ. (ಪಂದಿಕರಿಗೆ ಹುಳಿ ಕೊಡುವ ಮರವೇ ಆಗಿದ್ದರೆ ಗುರುತು ಸಿಗಲಿಲ್ಲವೆಂದು ಮನೆಯವರ ಮುಂದೆ ಬಾಯಿ ಬಿಡಬೇಡಿ!) ಅನುಮಾನವಿದ್ದಲ್ಲಿ ಒಂದೇ ಉತ್ತರಕ್ಕೆ ಅಂಟಿಕೊಳ್ಳದೆ ಎರಡನ್ನೂ ಆರಿಸಿ.

ಪಶ್ಚಿಮಘಟ್ಟದ ಮರಗಳಿಗೆ ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್‌ನವರು ಸೇರಿ ಮಾಡಿದ ಬಯೋಟಿಕ್ ಎಂಬ ಕಂಪ್ಯೂಟರ್ ಕೀ ಒಳ್ಳೆಯದು, ಚಿತ್ರ ನೋಡಿಯೇ ಆರಿಸಬಹುದು.