ಫ್ರೀ ಥ್ರೋ ಹೊತ್ತಿನ ಕೂಗಾಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮಗಳಿಗೆ ಹದಿಮೂರು ವರ್ಷ. ಶಾಲೆಯ 14 ವರ್ಷದೊಳಗಿನವರ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡುತ್ತಾಳೆ. ಈಚೆಗಿನ ಪಂದ್ಯವೊಂದರ ಕೊನೆಯಲ್ಲಿ ಅವಳು ಫ್ರೀ ಥ್ರೋ ಎಸೆಯಲು ನಿಂತಾಗ, ರೀಬೌಂಡ್‌ಗೆ (ಗುರಿ ತಪ್ಪಿ ಪುಟಿಯುವ ಚೆಂಡನ್ನು ಹಿಡಿಯಲು) ನಿಂತಿದ್ದ ಎದುರಾಳಿ ಹುಡುಗಿ ತಗ್ಗಿದ ದನಿಯಲ್ಲಿ, ‘ಏಯ್, ನಿನ್ನ ಶೂ ಲೇಸ್ ಬಿಚ್ಚಿದೆ ನೋಡು’ ಎಂದಳಂತೆ. ಮಗಳು ಬಗ್ಗಿ ನೋಡಿದಳು. ಲೇಸ್ ಕಟ್ಟಿದಂತೆಯೇ ಇತ್ತು. ಅಷ್ಟರಲ್ಲಿ ಆ ತಂಡದ ಬೆಂಚಿನವರು ನೆಲಕ್ಕೆ ಕಾಲು ಬಡಿಯುತ್ತಾ ‘ಹೋಯ್ತು, ಹೋಯ್ತು’ ಎಂದು ಕೂಗತೊಡಗಿದರು. ಎರಡು ಎಸೆತಗಳೂ ತಪ್ಪಿದವು, ತಂಡ ಒಂದು ಅಂಕದಿಂದ ಸೋತಿತು. ಪಂದ್ಯ ಮುಗಿದ ಮೇಲೆ ಅವರ ಕೋಚ್ ಅವರನ್ನು ಕೇಳಿದರೆ, ‘ಇದೆಲ್ಲ ಆಟದಲ್ಲಿ ಇರೋದೇ ಅಮ್ಮ, ಮಕ್ಕಳು ಗಟ್ಟಿ ಆಗ್ಬೇಕು’ ಎಂದುಬಿಟ್ಟರು. ನಾನೇ ಸಣ್ಣ ವಿಷಯವನ್ನು ದೊಡ್ಡದು ಮಾಡುತ್ತಿದ್ದೇನೆಯೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಇಲ್ಲ, ನೀವು ಕೇಳಿದ್ದು ಸರಿಯಾಗಿಯೇ ಇದೆ. ಆ ಕೋಚ್ ಅವರ ಮಾತು ನಿಯಮದ ಮಟ್ಟಿಗೇ ತಪ್ಪು. ನಮ್ಮಲ್ಲಿಯೂ ಆಧಾರವಾಗಿರುವ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟದ, ಅಂದರೆ ಫಿಬಾದ, ನಿಯಮಾವಳಿಯು ಫ್ರೀ ಥ್ರೋವನ್ನು ಯಾರ ಅಡ್ಡಿಯೂ ಇಲ್ಲದೆ ಒಂದು ಅಂಕ ಗಳಿಸಲು ಆಟಗಾರರಿಗೆ ಕೊಡುವ ಅವಕಾಶವೆಂದು ವಿವರಿಸುತ್ತದೆ. ಈ ಅವಕಾಶ ಸುಮ್ಮನೆ ಸಿಗುವುದಿಲ್ಲ. ಎದುರಾಳಿ ಫೌಲ್ ಮಾಡಿ, ನ್ಯಾಯವಾಗಿ ಆಡಬಹುದಾಗಿದ್ದ ಆಟವನ್ನು ಕೆಡಿಸಿದ್ದಕ್ಕೆ ಪರಿಹಾರವಾಗಿ ಸಿಗುತ್ತದೆ. ಆ ಪರಿಹಾರವನ್ನೂ ಸುಳ್ಳು ಹೇಳಿ, ಕಾಲು ಬಡಿದು ಕೆಡಿಸಲು ಹೊರಡುವುದೆಂದರೆ ಒಬ್ಬಳಿಗೆ ಒಂದೇ ಅನ್ಯಾಯವನ್ನು ಎರಡು ಸಲ ಮಾಡಿದಂತಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಯಮ ಏನು ಹೇಳುತ್ತದೆ ಎಂಬುದನ್ನು ತಾಯಂದಿರೂ ತಿಳಿದಿರುವುದು ಒಳ್ಳೆಯದು. ರೆಫರಿ ಚೆಂಡನ್ನು ಕೈಗೆ ಕೊಟ್ಟ ಮೇಲೆ ಎಸೆಯುವವರಿಗೆ 5 ಸೆಕೆಂಡುಗಳ ಕಾಲಾವಕಾಶವಿರುತ್ತದೆ. ಕೊನೆಯ ಎಸೆತದ ಹೊತ್ತಿಗೆ ಬುಟ್ಟಿಯ ಮುಂದೆ ಅಂಕಣದಲ್ಲಿ ಗುರುತು ಮಾಡಿರುವ ಪಟ್ಟಿಯ ಎರಡೂ ಬದಿಯಲ್ಲಿ ಸೇರಿ ಹೆಚ್ಚೆಂದರೆ ಐವರು, ಮೂವರು ಎದುರಾಳಿಗಳು ಮತ್ತು ಎಸೆಯುವವರ ಇಬ್ಬರು ಜೊತೆಗಾರರು, ರೀಬೌಂಡ್‌ಗಾಗಿ ನಿಲ್ಲಬಹುದು. ಚೆಂಡು ಕೈ ಬಿಡುವವರೆಗೆ ಇವರು ತಮ್ಮ ಜಾಗ ಬಿಟ್ಟು ಕದಲುವಂತಿಲ್ಲ, ಎಸೆಯುವವರ ಗಮನ ಕೆಡಿಸುವ ಯಾವ ಕೆಲಸವನ್ನೂ ಮಾಡುವಂತಿಲ್ಲ. ಎದುರಾಳಿ ಹಾಗೆ ಮಾಡಿದ ಮೇಲೂ ಚೆಂಡು ಬುಟ್ಟಿಗೆ ಬಿದ್ದರೆ ಅಂಕ ಸಲ್ಲುತ್ತದೆ. ತಪ್ಪಿದರೆ ಅದೇ ಆಟಗಾರ್ತಿಗೆ ಇನ್ನೊಂದು ಎಸೆತ ಕೊಡಬೇಕು. ನಿಮ್ಮ ಮಗಳಿಗೆ ಲೇಸಿನ ಸುಳ್ಳು ಹೇಳಿದ್ದನ್ನು ರೆಫರಿ ಕೇಳಿಸಿಕೊಂಡಿದ್ದರೆ ಆಕೆಗೆ ಮತ್ತೊಂದು ಅವಕಾಶ ಸಿಗಬೇಕಿತ್ತು. ಎಸೆಯುವವರಿಗೂ ಇಲ್ಲಿ ಒಂದು ಕಟ್ಟಳೆ ಇದೆ: ಎಸೆಯುವಂತೆ ನಟಿಸಿ, ಎದುರಾಳಿಗಳು ಮುಂಚಿತವಾಗಿ ಒಳನುಗ್ಗುವಂತೆ ಮಾಡುವುದು ತಪ್ಪು. ಮೋಸದಿಂದ ರಕ್ಷಣೆ ಇಬ್ಬರಿಗೂ ಇದೆ ಎಂಬ ಕಾರಣಕ್ಕೇ ಈ ನಿಯಮದ ಮೇಲೆ ನನಗೆ ಗೌರವ.

ಬೆಂಚಿನ ಮಾತು ಬೇರೆ. ಅಲ್ಲಿ ಕುಳಿತವರು ಎದುರಾಳಿಗಳ ಜೊತೆ ಅಗೌರವದಿಂದ ನಡೆದುಕೊಂಡರೆ ರೆಫರಿ ಟೆಕ್ನಿಕಲ್ ಫೌಲ್, ಅಂದರೆ ನಡವಳಿಕೆಯ ತಪ್ಪಿಗೆ ಕೊಡುವ ಫೌಲ್, ಕೊಡಬಹುದು. ಅದು ಮುಖ್ಯ ಕೋಚ್ ಅವರ ಹೆಸರಿಗೆ ಬೀಳುತ್ತದೆ, ಎದುರು ತಂಡಕ್ಕೆ ಒಂದು ಫ್ರೀ ಥ್ರೋ ಸಿಗುತ್ತದೆ. ಬೆಂಚಿನ ಮಕ್ಕಳು ಕೂಗಿದರೆ ಲೆಕ್ಕ ಕೇಳಬೇಕಾದದ್ದು ಕೋಚ್ ಅವರನ್ನು ಎಂದು ಬ್ಯಾಸ್ಕೆಟ್‌ಬಾಲ್ ತೀರ್ಮಾನಿಸಿರುವುದನ್ನು, ‘ಆಟದಲ್ಲಿ ಇರೋದೇ’ ಎನ್ನುವವರು ಗಮನಿಸಬೇಕು.

ಹಾಗೆಂದು ಎಲ್ಲ ಗದ್ದಲವನ್ನೂ ನಾನು ದೂರುವುದಿಲ್ಲ. ಆಟ ನಡೆಯುತ್ತಿರುವಾಗ ‘ಡಿಫೆನ್ಸ್, ಡಿಫೆನ್ಸ್’ ಎಂದು ಸ್ವಂತ ತಂಡವನ್ನು ಹುರಿದುಂಬಿಸುವುದು, ಜೊತೆಗಾರರಿಗೆ ‘ಸ್ಕ್ರೀನ್ ಬಂತು’ (ಎದುರಾಳಿ ದಾರಿಗೆ ಅಡ್ಡ ನಿಂತಿದ್ದಾರೆ) ಎಂದು ಕೂಗಿ ಎಚ್ಚರಿಸುವುದು ಆಟದ ಜೀವಾಳ; ಬಾಯಿ ಮುಚ್ಚಿಕೊಂಡು ರಕ್ಷಣೆ ಮಾಡುವ ತಂಡ ಒಳ್ಳೆಯ ತಂಡವಾಗುವುದೂ ಇಲ್ಲ. ಆದರೆ ಆಟದ ನಡುವೆ ಬುಟ್ಟಿಗೆ ಎಸೆಯುತ್ತಿರುವವರ ಕಣ್ಣಿಗೆ ಅಡ್ಡವಾಗಿ ಕೈಯಾಡಿಸುವುದು, ಅವರ ಹತ್ತಿರ ಜೋರಾಗಿ ಅರಚುವುದು, ಚಪ್ಪಾಳೆ ತಟ್ಟುವುದು, ಕಾಲು ಬಡಿಯುವುದು ಇವನ್ನೂ ಫಿಬಾದ ವ್ಯಾಖ್ಯಾನಗಳು ಒಪ್ಪುವುದಿಲ್ಲ; ಎಸೆಯುವವರಿಗೆ ಅದರಿಂದ ತೊಂದರೆಯಾದರೆ ಟೆಕ್ನಿಕಲ್ ಫೌಲ್, ಆಗದಿದ್ದರೆ ಎಚ್ಚರಿಕೆ. ಓಡುತ್ತಾ ಎಸೆಯುವಾಗಲೇ ಸಲ್ಲದ ನಡೆ, ಒಬ್ಬಳೇ ಗೆರೆಯ ಹಿಂದೆ ನಿಂತು ಎಸೆಯುವಾಗ ಸಲ್ಲುವುದಾದರೂ ಹೇಗೆ?

ಇನ್ನು ‘ಗಟ್ಟಿ ಆಗ್ಬೇಕು’ ಎಂಬ ಮಾತು. ನಿಮ್ಮ ಮಗಳು ಗಟ್ಟಿಯಾಗುವುದಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೀಡು ಮಾಡಿದ್ದು ಲೇಸಿನ ಸುಳ್ಳು ಹೇಳಿದ ಆ ಇನ್ನೊಬ್ಬ ಹುಡುಗಿ. ಹದಿಮೂರರ ವಯಸ್ಸಿಗೆ ಅದು ತಾನಾಗಿ ಹೊಳೆದದ್ದೋ, ಯಾರಾದರೂ ಹಿರಿಯರು ಹೇಳಿಕೊಟ್ಟದ್ದೋ, ಅಂತೂ ಅದಕ್ಕೆ ಬೆನ್ನು ತಟ್ಟಿದವರಿದ್ದಾರೆ. ಅಂದಿನ ಗೆಲುವಿನಿಂದ ಆ ತಂಡದ ಮಕ್ಕಳಿಗೆ ರೀಬೌಂಡ್‌ಗೆ ಸರಿಯಾಗಿ ಮೈಯೊಡ್ಡಿ ಜಾಗ ಹಿಡಿಯುವುದು ಬರಲಿಲ್ಲ, ಫೌಲ್ ಮಾಡದೆ ತಡೆಯುವುದೂ ಬರಲಿಲ್ಲ. ಅವರು ಕಲಿಯಬೇಕಿದ್ದುದು ಅದೆರಡನ್ನೇ.

ಮುಂದೆ ಹೀಗಾದರೆ ನೀವು ಅಂಕಣದ ಹೊರಗಿನಿಂದ ಕೂಗಬೇಡಿ, ಅದರಿಂದ ಮಗಳ ಗಮನ ಮತ್ತಷ್ಟು ಕೆಡುತ್ತದೆ. ಚೆಂಡು ಆಟದಲ್ಲಿಲ್ಲದೆ ಗಡಿಯಾರ ನಿಂತಿರುವಾಗ ರೆಫರಿಯೊಡನೆ ಸೌಜನ್ಯದಿಂದ ಮಾತನಾಡಿ ವಿಷಯ ಕೇಳುವ ಅವಕಾಶ ತಂಡದ ನಾಯಕಿಗೆ ಇದೆ. ‘ಸರ್, ಪಟ್ಟಿಯಲ್ಲಿ ನಿಂತವರು ಎಸೆಯುವವಳನ್ನು ಮಾತನಾಡಿಸುತ್ತಿದ್ದಾರೆ’ ಎಂಬ ಒಂದು ವಾಕ್ಯ ಸಾಕು. ರೆಫರಿಗಳು ಆ ಹೊತ್ತಿನಲ್ಲಿ ಗೆರೆ, ಪಾದ, ಕೈ ಇವುಗಳ ಮೇಲೆ ಕಣ್ಣಿಟ್ಟಿರುವುದರಿಂದ ಪಿಸುಮಾತು ಅವರಿಗೆ ಕೇಳಿಸದೇ ಹೋಗುವುದು ಸಹಜ. ಒಮ್ಮೆ ಹೇಳಿದರೆ ಮುಂದಿನ ಎಸೆತಕ್ಕೆ ಕಿವಿಯನ್ನೂ ಕೊಡುತ್ತಾರೆ.

ಪ್ರಶ್ನೆ: ನಾನು ದೈಹಿಕ ಶಿಕ್ಷಣ ಶಿಕ್ಷಕ. ನಮ್ಮ ಶಾಲೆಯ ಸಿಮೆಂಟ್ ಅಂಕಣದಲ್ಲಿ ಪಂದ್ಯಗಳು ನಡೆಯುವಾಗ ಬುಟ್ಟಿಯ ಹಿಂದೆಯೇ ಮಕ್ಕಳು, ಕೆಲವೊಮ್ಮೆ ಪೋಷಕರೂ, ಗುಂಪಾಗಿ ನಿಂತು ಫ್ರೀ ಥ್ರೋ ಹೊತ್ತಿನಲ್ಲಿ ಟವೆಲ್ ಬೀಸುತ್ತಾರೆ. ತಡೆದರೆ, ‘ಅಮೆರಿಕದಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ ಸಾರ್’ ಎಂದು ಮೊಬೈಲ್‌ನಲ್ಲಿ ವಿಡಿಯೊ ತೋರಿಸುತ್ತಾರೆ. ಏನು ಹೇಳಲಿ?
– ಶಿಕ್ಷಕರು, ಶಿರಸಿ

ಉತ್ತರ: ವಿಡಿಯೊದಲ್ಲಿ ಕಾಣುವುದು ನಿಜವೇ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2013ರಿಂದ ಬುಟ್ಟಿಯ ಹಿಂದೆ ಒಂದು ಕಪ್ಪು ಪರದೆ ಹಿಡಿದು, ಎದುರಾಳಿ ಫ್ರೀ ಥ್ರೋ ಎಸೆಯುವ ಗಳಿಗೆಗೆ ಸರಿಯಾಗಿ ಅದನ್ನು ಸರಿಸಿ ಚಿತ್ರವಿಚಿತ್ರ ವೇಷ ತೋರಿಸುತ್ತಾ ಬಂದಿದ್ದಾರೆ. 2016ರ ಜನವರಿಯಲ್ಲಿ ಆ ಪರದೆಯ ಹಿಂದಿನಿಂದ ಈಜುಗಾರ ಮೈಕಲ್ ಫೆಲ್ಪ್ಸ್ ಈಜುಡುಗೆಯಲ್ಲಿ ಹೊರಬಂದಾಗ ಎದುರಾಳಿ ಆಟಗಾರ ಎರಡೂ ಎಸೆತ ತಪ್ಪಿಸಿದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು. ಆದರೆ ಅಲ್ಲಿ ಗೆರೆಯ ಹಿಂದೆ ನಿಂತವರು ಸಾವಿರಾರು ಜನರ ಎದುರು ಆಡಲೆಂದೇ ವರ್ಷಗಟ್ಟಲೆ ಪಳಗಿದ ವಯಸ್ಕರು. ನಿಮ್ಮ ಅಂಕಣದಲ್ಲಿ ನಿಂತಿರುವುದು ಏಳನೆಯ ತರಗತಿಯ ಮಗು. ಅದೇ ಅಮೆರಿಕದ ಪ್ರೌಢಶಾಲಾ ನಿಯಮದಲ್ಲೂ ಎದುರಾಳಿ ಆಟಗಾರ ಗಮನ ಕೆಡಿಸಿ ಎಸೆತ ತಪ್ಪಿದರೆ ಬದಲಿ ಎಸೆತವಿದೆ ಎಂಬುದನ್ನು ನಿಮ್ಮ ಪೋಷಕರಿಗೆ ತಿಳಿಸಿ.

ಕಾರ್ಯಸಾಧನೆಗೆ ಒಂದು ಸುಲಭದ ಆಧಾರವೂ ನಿಮಗಿದೆ. ಅಂಕಣದ ಗಡಿರೇಖೆಯಿಂದ ಕನಿಷ್ಠ 2 ಮೀಟರ್ ಜಾಗದಲ್ಲಿ ಯಾವ ಅಡೆತಡೆಯೂ ಇರಬಾರದೆಂದು ನಿಯಮವೇ ಹೇಳುತ್ತದೆ. ಲೇಅಪ್‌ಗೆ (ಬುಟ್ಟಿಯ ಹತ್ತಿರದಿಂದಲೇ ಚೆಂಡು ಹಾಕಲು) ಓಡಿಬಂದ ಮಗು ತಕ್ಷಣ ನಿಲ್ಲಲಾರದು, ಹಿಂದೆ ನಿಂತವರಿಗೆ ಡಿಕ್ಕಿ ಹೊಡೆದು ಇಬ್ಬರಿಗೂ ಪೆಟ್ಟಾಗುತ್ತದೆ. ಹೀಗಾಗಿ ಸುರಕ್ಷತೆಯ ಕಾರಣದಿಂದಲೇ ಬುಟ್ಟಿಯ ಹಿಂಬದಿಯನ್ನು ಪೂರ್ತಿ ತೆರವು ಮಾಡಿಸಿ, ಸುಣ್ಣದಲ್ಲಿ ಒಂದು ಗೆರೆ ಎಳೆದು, ಪ್ರೇಕ್ಷಕರನ್ನು ಉದ್ದದ ಎರಡು ಬದಿಗಳಲ್ಲಿ ಮಾತ್ರ ಕೂರಿಸಿ. ಪಾರದರ್ಶಕ ಬ್ಯಾಕ್‌ಬೋರ್ಡ್‌ನ ಆಚೆ ಬೀಸುವ ಟವೆಲ್ ಎಸೆಯುವವರ ದೃಷ್ಟಿಗೆ ನೇರವಾಗಿ ಬೀಳುತ್ತದೆ. ಪಕ್ಕದಲ್ಲಿ ಕುಳಿತು ಬೀಸಿದರೆ ಅದರ ಪ್ರಭಾವ ಬಹಳ ಕಡಿಮೆ. ಮುಖ್ಯವಾಗಿ, ಎದುರಾಳಿಗಳ ಎಸೆತಕ್ಕೂ ನಿಮ್ಮ ಶಾಲೆಯ ಮಕ್ಕಳು ಸುಮ್ಮನಿರುವಂತೆ ಮೊದಲು ನೀವೇ ನೋಡಿಕೊಳ್ಳಿ. ಪಂದ್ಯಕ್ಕೆ ಮುಂಚೆ ಎರಡೂ ತಂಡದ ಕೋಚ್‌ಗಳನ್ನು ಕೂಡಿಸಿ ಈ ಮಾತನ್ನು ಒಪ್ಪಿಸಿಕೊಂಡರೆ ಪೋಷಕರನ್ನು ಒಪ್ಪಿಸುವುದು ಕಷ್ಟವಾಗದು.

ಪ್ರಶ್ನೆ: ನನಗೆ ಹದಿನಾಲ್ಕು ವರ್ಷ. ಎರಡೂ ಕೈಯಲ್ಲಿ ಚೆಂಡು ಹಿಡಿದು ಕೆಳಗಿನಿಂದ ಮೇಲಕ್ಕೆ ತೂರಿದರೆ ನನ್ನ ಫ್ರೀ ಥ್ರೋ ಚೆನ್ನಾಗಿ ಬೀಳುತ್ತದೆ. ಆದರೆ ಎದುರಾಳಿಗಳು ‘ಅಜ್ಜಿ ಥ್ರೋ’ ಎಂದು ನಗುತ್ತಾರೆ, ಆಗ ಕೈ ನಡುಗುತ್ತದೆ. ಹೀಗೆ ಎಸೆಯಬಹುದೇ? ನಗುವವರ ನಡುವೆ ಗಮನ ಉಳಿಸಿಕೊಳ್ಳುವುದು ಹೇಗೆ?
– ವಿದ್ಯಾರ್ಥಿ, ಮಂಡ್ಯ

ಉತ್ತರ: ಧಾರಾಳವಾಗಿ ಎಸೆಯಬಹುದು. ಚೆಂಡು ಮೇಲಿನಿಂದ ಬುಟ್ಟಿಯೊಳಗೆ ಬೀಳುವಂತೆ ಅಥವಾ ರಿಂಗನ್ನು ಮುಟ್ಟುವಂತೆ ಯಾವ ರೀತಿಯಲ್ಲಾದರೂ ಎಸೆಯಲು ನಿಯಮದ ಒಪ್ಪಿಗೆಯಿದೆ. ನಿನ್ನ ಹಾಗೆಯೇ ಎಸೆಯುತ್ತಿದ್ದ ರಿಕ್ ಬ್ಯಾರಿ ಎಂಬ ಅಮೆರಿಕದ ಆಟಗಾರ ನೂರಕ್ಕೆ ಸುಮಾರು 90 ಫ್ರೀ ಥ್ರೋಗಳನ್ನು ಬುಟ್ಟಿಗೆ ಹಾಕುತ್ತಿದ್ದರು. ಅಮೆರಿಕದ ಇನ್ನೊಬ್ಬ ಆಟಗಾರ ವಿಲ್ಟ್ ಚೇಂಬರ್ಲೇನ್ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ 1962ರ ಮಾರ್ಚ್ 2ರಂದು, ಅದೇ ಬಗೆಯ ಎಸೆತದಿಂದ 32ರಲ್ಲಿ 28 ಫ್ರೀ ಥ್ರೋಗಳನ್ನು ಹಾಕಿದ್ದರು. ಅವರು ಆಡಿದ ಅಷ್ಟೂ ವರ್ಷಗಳಲ್ಲಿ ಫ್ರೀ ಥ್ರೋ ಅತ್ಯುತ್ತಮವಾಗಿದ್ದುದು ಆ ಋತುವಿನಲ್ಲೇ. ಆದರೂ ನೋಡುವವರ ಕಣ್ಣಿಗೆ ಹೇಗೆ ಕಾಣುತ್ತೇನೋ ಎಂಬ ಮುಜುಗರದಿಂದ ಆ ಶೈಲಿಯನ್ನು ಕೈಬಿಟ್ಟರು, ಅದರಿಂದ ನಷ್ಟವಾದದ್ದು ಅವರಿಗೇ.

ಗಮನದ ವಿಷಯದಲ್ಲಿ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋನ್ ವಿಕರ್ಸ್ ಅವರು 1996ರಲ್ಲಿ ಪ್ರಕಟಿಸಿದ ಅಧ್ಯಯನ ನಿನಗೆ ಉಪಯೋಗಕ್ಕೆ ಬರುತ್ತದೆ. ಫ್ರೀ ಥ್ರೋದಲ್ಲಿ ನಿಪುಣರಾದವರು ಎಸೆತ ಆರಂಭಿಸುವ ಮುನ್ನ ಬುಟ್ಟಿಯ ಮೇಲೆ ದೃಷ್ಟಿಯನ್ನು ಉಳಿದವರಿಗಿಂತ ಹೆಚ್ಚು ಹೊತ್ತು ಕದಲಿಸದೆ ನಿಲ್ಲಿಸುತ್ತಾರೆ ಎಂಬುದನ್ನು ಅವರು ಕಂಡುಕೊಂಡರು. ಆದ್ದರಿಂದ ರಿಂಗಿನ ಮುಂಭಾಗದಲ್ಲಿ ಬಲೆ ಸಿಕ್ಕಿಸುವ ಒಂದು ಕೊಕ್ಕೆಯನ್ನು ಗುರುತಿಟ್ಟುಕೋ. ಚೆಂಡು ಕೈಗೆ ಬಂದೊಡನೆ ಎರಡು ಸಲ ನೆಲಕ್ಕೆ ಪುಟಿಸಿ, ಒಂದು ಉಸಿರು ಪೂರ್ತಿ ಬಿಟ್ಟು, ಆ ಕೊಕ್ಕೆಯ ಮೇಲೆ ಕಣ್ಣು ನಿಲ್ಲಿಸಿ ಎಸೆ. ಇದಿಷ್ಟೂ 5 ಸೆಕೆಂಡಿನೊಳಗೆ ಆರಾಮವಾಗಿ ಮುಗಿಯುತ್ತದೆ. ಅಭ್ಯಾಸದ ಕೊನೆಯಲ್ಲಿ, ಮೈ ದಣಿದಿರುವಾಗ, ಹತ್ತು ಎಸೆತ ಎಸೆಯುತ್ತಾ ನಿನ್ನ ಸ್ನೇಹಿತರಿಗೇ ಕೂಗಲು ಹೇಳು. ನೀನೇ ಕೇಳಿಕೊಂಡು ಮಾಡಿಸುವ ಗದ್ದಲದಲ್ಲಿ ಅನ್ಯಾಯವೇನೂ ಇಲ್ಲ, ಅದು ಅಭ್ಯಾಸದ ಒಂದು ಭಾಗ. ಪಂದ್ಯದಲ್ಲಿ ಯಾರಾದರೂ ಅಣಕಿಸಿದರೆ ಎದುರುತ್ತರ ಕೊಡಬೇಡ, ನಾಯಕನ ಮೂಲಕ ರೆಫರಿಗೆ ತಿಳಿಸು.

ಕೆಳಗಿನಿಂದ ತೂರುವಾಗ ಮೈ ತಾನಾಗಿ ಮುಂದಕ್ಕೆ ವಾಲುತ್ತದೆ. ಚೆಂಡು ರಿಂಗನ್ನು ಮುಟ್ಟುವವರೆಗೆ ಅಥವಾ ಬುಟ್ಟಿಯೊಳಗೆ ಬೀಳುವವರೆಗೆ ನಿನ್ನ ಪಾದ ಗೆರೆಯನ್ನು ತುಳಿಯಬಾರದು, ತುಳಿದರೆ ಬಿದ್ದ ಅಂಕವೂ ಸಲ್ಲುವುದಿಲ್ಲ. ಅದಕ್ಕಾಗಿ ಗೆರೆಗೆ ತಾಗಿಕೊಂಡು ನಿಲ್ಲದೆ, ನಾಲ್ಕು ಬೆರಳಿನಷ್ಟು ಹಿಂದೆ ನಿಂತೇ ಅಭ್ಯಾಸ ಮಾಡು.