ಓದುಗರ ಪ್ರಶ್ನೆ: ಗುಟ್ಟಿನ ಕುಸ್ತಿಯ ಸೆಳೆತ

ಪ್ರಶ್ನೆ: ಗೋದಾಮಿನಲ್ಲೋ ನೆಲಮಾಳಿಗೆಯಲ್ಲೋ ಮ್ಯಾಟ್ ಹಾಸಿ ಇಬ್ಬರು ಕಟ್ಟುಮಸ್ತು ಗಂಡಸರು ಸೆಣಸುವ ವಿಡಿಯೊ ಶುರುವಾದರೆ ಮುಗಿಯುವತನಕ ಏಳಲು ಮನಸ್ಸಾಗದು. ಟಿ.ವಿ. ಕುಸ್ತಿಯಲ್ಲಿ ಸಿಗದ್ದು ಅಲ್ಲೇನಿದೆ?

ಉತ್ತರ: ಡಬ್ಲ್ಯುಡಬ್ಲ್ಯುಇಯಂಥ ಟಿ.ವಿ. ಕುಸ್ತಿಯಲ್ಲಿ ಗೆಲ್ಲುವವರು ಯಾರೆಂದು ಮೊದಲೇ ಗೊತ್ತುಮಾಡಿರುತ್ತಾರೆ. ಇಲ್ಲಿ, ಆಟ ನಿಜದ್ದಾದರೆ, ಆ ಮೈಕಟ್ಟೇ ಪರೀಕ್ಷೆಗೆ ಕೂರುತ್ತದೆ. ಪೂರ್ತಿ ಬಲ ಹಾಕಿದಾಗ ಸ್ನಾಯುವಿನ ತಕ್ಷಣದ ಇಂಧನವಾದ ಕ್ರಿಯಾಟಿನ್ ಫಾಸ್ಫೇಟ್ ಹತ್ತು ಸೆಕೆಂಡಿನ ಸುಮಾರಿಗೆ ಬಹುಪಾಲು ಖಾಲಿ. ಬಿಗಿಹಿಡಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಅದುಮುವುದರಿಂದ ಮುಂಗೈ ಕಲ್ಲಾಗುತ್ತದೆ, ಬೆರಳು ತಾವಾಗಿ ಸಡಿಲುತ್ತವೆ. ತೋಳು ದಪ್ಪವಿದ್ದವನು ಉಸಿರು ಬಿಗಿಹಿಡಿದು ಬಲ ಹಾಕುವ ಅಭ್ಯಾಸದವನಾದರೆ ಇನ್ನೂ ಬೇಗ ಸೋಲುತ್ತಾನೆ. ಮೊದಲ ನಿಮಿಷದಲ್ಲಿ ಎದುರಾಳಿಯನ್ನು ಎತ್ತಿ ಕೆಡವಿದವನು ಮೂರನೇ ನಿಮಿಷದಲ್ಲಿ ಕೈ ಎತ್ತಲಾರದೆ ತೇಕುತ್ತಾನೆ. ಈ ತಿರುವನ್ನು ಮೂರು ಅಡಿ ದೂರದಿಂದ, ಏದುಸಿರು ಕೇಳಿಸುವಷ್ಟು ಹತ್ತಿರದಲ್ಲಿ ಕಾಣುವುದೇ ಇದರ ರುಚಿ. ಜಾಗ ಗುಟ್ಟಿನದು ಎಂಬುದು ಒಗ್ಗರಣೆ ಅಷ್ಟೇ.

ಪ್ರಶ್ನೆ: ಪಂದ್ಯಕ್ಕಿಂತ ಆ ದೇಹಗಳನ್ನು ನೋಡುವುದೇ ನನಗಿಷ್ಟ. ಇದು ತಪ್ಪೇ?

ಉತ್ತರ: ಅಲ್ಲ. ಅದು ಮೆಚ್ಚುಗೆಯಾಗಿರಲಿ, ಆಸೆಯಾಗಿರಲಿ, ಆಡುವವರು ವಯಸ್ಕರಾಗಿದ್ದು ಒಪ್ಪಿ ಆಡುತ್ತಿದ್ದರೆ ಸಾಕು.

ಪ್ರಶ್ನೆ: ಇಬ್ಬರೂ ದೈತ್ಯರಿದ್ದರೂ ಕೆಲವು ಪಂದ್ಯ ಸಪ್ಪೆ ಏಕೆ?

ಉತ್ತರ: ಸಮಯದ ಮಿತಿ ಇಲ್ಲದಿರುವುದೇ ಸಾಮಾನ್ಯವಾಗಿ ಕಾರಣ. 1910ರಲ್ಲಿ ಲಂಡನ್ನಿನಲ್ಲಿ ಭಾರತದ ಪೈಲ್ವಾನ ಗಾಮಾ ಎದುರು ಪೋಲೆಂಡಿನ ಝ್ಬಿಸ್ಕೊ ಎರಡೂವರೆ ಗಂಟೆಯ ಬಹುಪಾಲು ನೆಲಕಚ್ಚಿ ಕಾದುಕೊಂಡ, ಪಂದ್ಯ ತೀರ್ಮಾನವಾಗಲಿಲ್ಲ. ಭಾರದ ಆಳು ಬೋರಲು ಮಲಗಿದರೆ ಮಗುಚುವುದು ಅಷ್ಟು ಕಷ್ಟ. ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ವಿರಾಮ ಎಂಬ ಒಲಿಂಪಿಕ್ ಲೆಕ್ಕ ಇಲ್ಲೂ ಒಗ್ಗುತ್ತದೆ.

ಪ್ರಶ್ನೆ: ಜಿಮ್ ಗೆಳೆಯರು ಸೇರಿ ಖಾಲಿ ಗ್ಯಾರೇಜಿನಲ್ಲಿ ಆಡಬೇಕೆಂದಿದ್ದೇವೆ. ಏನೇನು ಬೇಕು?

ಉತ್ತರ: ಮೊದಲು, ಪಂದ್ಯ ನಿಲ್ಲಿಸುವ ಅಧಿಕಾರವಿರುವ, ಆಡದ ಒಬ್ಬ ವ್ಯಕ್ತಿ. ಕಾಂಕ್ರೀಟ್ ಮೇಲೆ ಯೋಗದ ಚಾಪೆ ಹಾಸಿದರೆ ಏನೂ ಹಾಸದಂತೆಯೇ. ನಾಲ್ಕೈದು ಸೆಂಟಿಮೀಟರ್ ದಪ್ಪದ, ಗಟ್ಟಿ ಫೋಮಿನ ಮ್ಯಾಟ್ ಬೇಕು. ಜೋಡಿಸುವ ತುಂಡುಗಳಾದರೆ ಸಂದಿಗೆ ಟೇಪ್ ಹಚ್ಚಿ, ಇಲ್ಲವಾದರೆ ಕಾಲ್ಬೆರಳು ಸಿಕ್ಕಿ ಮುರಿಯುತ್ತದೆ. ಗೋಡೆ, ಕಂಬಗಳಿಗೂ ಫೋಮ್ ಕಟ್ಟಿ.

ಸೋಲೊಪ್ಪಲು ಎದುರಾಳಿಯ ಮೈಯನ್ನೋ ಮ್ಯಾಟನ್ನೋ ಕೈಯಿಂದ ತಟ್ಟುವುದರ ಜೊತೆಗೆ ಬಾಯಲ್ಲಿ ‘ಸಾಕು’ ಎನ್ನುವುದೂ ನಡೆಯಬೇಕು, ಏಕೆಂದರೆ ಎರಡೂ ಕೈ ಸಿಕ್ಕಿಬಿದ್ದಿರಬಹುದು. ಕತ್ತಿನ ಎರಡೂ ಬದಿಯ ರಕ್ತನಾಳ ಸರಿಯಾಗಿ ಅದುಮಿದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ, ಆಗ ತಟ್ಟಲು ಕೈಯೇ ಏಳದು. ಹಾಗಾಗಿ ನೋಡುವವನ ಕಣ್ಣು ಸಿಕ್ಕಿಬಿದ್ದವನ ಕೈಮೇಲಿರಲಿ. ಅದು ಜೋತುಬಿದ್ದ ತಕ್ಷಣ ಬಿಡಿಸಬೇಕು. ಹೊಸಬರಿಗೆ ಕತ್ತಿನ ಪಟ್ಟು ಬೇಡವೆಂದೇ ನಮ್ಮ ಸಲಹೆ. ಹಿಮ್ಮಡಿ ತಿರುಚುವ ಪಟ್ಟೂ ಬೇಡ: ಅದರಲ್ಲಿ ನೋವು ತಿಳಿಯುವ ಹೊತ್ತಿಗೆ ಮಂಡಿಯ ಅಸ್ಥಿರಜ್ಜು ಹರಿದಿರಬಹುದು. ಎತ್ತಿ ತಲೆಕೆಳಗಾಗಿ ಕುಕ್ಕುವುದಂತೂ ಕೂಡದು.

ಕುಸ್ತಿಗಾರರನ್ನು ಚರ್ಮದ ಸೋಂಕೂ ಬಹಳ ಕಾಡುತ್ತದೆ. ಉಗುರು ಕತ್ತರಿಸಿ, ಮುಗಿದ ಕೂಡಲೇ ಸೋಪು ಹಚ್ಚಿ ಸ್ನಾನ ಮಾಡಿ, ಟವಲ್ ಹಂಚಿಕೊಳ್ಳಬೇಡಿ. ಮ್ಯಾಟಿನ ಬೆವರು ಒರೆಸಿ, ಮನೆಬಳಕೆಯ ಒಂದು ಪಾಲು ಬ್ಲೀಚಿಗೆ ನೂರು ಪಾಲು ನೀರು ಬೆರೆಸಿ ಬಳಿದು, ಹತ್ತು ನಿಮಿಷ ಒದ್ದೆಯಾಗಿಯೇ ಬಿಡಿ. ದ್ರಾವಣ ಅಂದಂದೇ ಕಲಸಬೇಕು. ಹುಳುಕಡ್ಡಿ, ಕೀವುಗುಳ್ಳೆ, ಗುಂಪುಗುಂಪಾದ ನೀರುಗುಳ್ಳೆ ಕಂಡವನು ವೈದ್ಯರು ಹೇಳುವವರೆಗೆ ಮ್ಯಾಟ್ ಮುಟ್ಟುವಂತಿಲ್ಲ. ಕಿವಿ ಉಜ್ಜಿ ಊದಿಕೊಂಡರೆ ಒಳಗೆ ರಕ್ತ ನಿಂತಿದೆ ಎಂದರ್ಥ. ತಡವಾದಷ್ಟೂ ಅದು ಗಡ್ಡೆಕಟ್ಟಿ ಕಿವಿಯ ಆಕಾರವೇ ಕೆಡುತ್ತದೆ. ಮನೆಯಲ್ಲಿ ಸೂಜಿ ಚುಚ್ಚದೆ ಒಂದೆರಡು ದಿನದೊಳಗೆ ವೈದ್ಯರಿಂದ ತೆಗೆಸಿ, ಬಿಗಿ ಪಟ್ಟಿ ಕಟ್ಟಿಸಿಕೊಳ್ಳಿ.